ಫಿಟ್ಸ್ ಇಲ್ಲದವರಿಗೆ ಫಿಟ್ಸ್ ಮಾತ್ರೆ

"ಸಾರ್, ನಮ್ಮನೆಯವರಿಗೆ ಒಂದ್ಸಲಾನೂ ಫಿಟ್ಸ್ ಬಂದಿಲ್ಲ. ಮೆಡಿಕಲ್ ಶಾಪ್‌ನವರು ಇದು ಫಿಟ್ಸ್ ಮಾತ್ರೆ ಅಂದ್ರು." ಆಕೆ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದರು.

ಗಂಡನಿಗೆ ಬಾಳೆಕಾಯಿ ಮಂಡಿ ವ್ಯಾಪಾರ (ಗುರುತು ಸಿಗಬಾರದೆಂದು ವಿವರ ಬದಲಿಸಿದ್ದೇನೆ). ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ಕುಸಿಯುತ್ತದೆ), ಹತ್ತು ವರ್ಷದಿಂದ ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ. ಈ ಸಲ ಎಂಟು ದಿನದಿಂದ ರಾತ್ರಿ ಎರಡೇ ಗಂಟೆ ನಿದ್ದೆ. ಎರಡು ಲಾರಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ನಮ್ಮ ವಾರ್ಡಿನ ಅಟೆಂಡರ್‌ಗೆ ಇವರ ಮಂಡಿಯಲ್ಲಿ ಮ್ಯಾನೇಜರ್ ಕೆಲಸವೂ ಸಿಕ್ಕಾಗಿತ್ತು.

ಮೇನಿಯಾ, ಅಂದರೆ ಮನಸ್ಸು ಹೀಗೆ ವಿಪರೀತ ಏರಿದ ಸ್ಥಿತಿ, ಕಂಡ ತಕ್ಷಣ ಇನ್ನೊಂದು ಮಾತ್ರೆ ಬರೆಯಲು ಕೈ ಓಡುತ್ತದೆ. ನಾನು ಮೊದಲು ರಕ್ತದಲ್ಲಿ ಲಿಥಿಯಂ ಲೆವೆಲ್ ಮಾಡಿಸುತ್ತೇನೆ. ಎಷ್ಟೋ ಸಲ ಮಾತ್ರೆ ಹೊಟ್ಟೆಗೆ ಹೋಗಿರುವುದೇ ಇಲ್ಲ, ಕಿಟಕಿಯಿಂದ ಆಚೆ ಹೋಗಿರುತ್ತದೆ. ಇವರದ್ದು 0.8 ಇತ್ತು, ಸರಿಯಾಗಿಯೇ ನುಂಗಿದ್ದರು. ಮೇನಿಯಾ ಎಬ್ಬಿಸಬಲ್ಲ ಖಿನ್ನತೆಯ ಮಾತ್ರೆ, ಸ್ಟೀರಾಯ್ಡ್ ಯಾವುದೂ ಶುರುವಾಗಿರಲಿಲ್ಲ. ಇಂಥ ಕಡೆ ಸಾಮಾನ್ಯವಾಗಿ ಒಲಾನ್ಜಪಿನ್ ಥರದ ಮಾತ್ರೆ ಸೇರಿಸುತ್ತೇವೆ. ಆದರೆ ಹಿಂದಿನ ಸಲ ಅದರಿಂದ ಇವರ ಸಕ್ಕರೆ ಏರಿತ್ತು. ಹಾಗಾಗಿ ವಾಲ್‌ಪ್ರೊಯೇಟ್, ಆಕೆ ಮೇಜಿನ ಮೇಲಿಟ್ಟ ಅದೇ ಫಿಟ್ಸ್ ಮಾತ್ರೆ.

ಲಿವರ್ ಪರೀಕ್ಷೆ, ಪ್ಲೇಟ್‌ಲೆಟ್ ನೋಡಿಕೊಂಡೆ. ತೂಕ 62 ಕೆ.ಜಿ. ಕೆ.ಜಿ.ಗೆ 20 ಮಿ.ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಸುಮಾರು 1,250: ಬೆಳಿಗ್ಗೆ 500, ರಾತ್ರಿ 750.

ಆಕೆಗೆ ಮೊದಲು ಮೆದುಳಿನ ಚಿತ್ರ ಬರೆದು ವಿವರಿಸಿದೆ. ಸುಮ್ನೆ ತಲೆಯಾಡಿಸಿದರು. 1960ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಬೇರೆ ಪುಡಿಗಳನ್ನು ಕರಗಿಸಲು ಬಳಸುತ್ತಿದ್ದ ದ್ರವವೇ ಫಿಟ್ಸ್ ತಡೆಯುತ್ತದೆಂದು ಅಕಸ್ಮಾತ್ತಾಗಿ ಗೊತ್ತಾಯಿತು, ಆಮೇಲೆ ಮೇನಿಯಾಗೂ ಆಗುತ್ತದೆಂದು ತಿಳಿಯಿತು ಅಂದೆ. "ನಾವು ಅರಿಶಿನ ಸಾರಿಗೂ ಹಾಕ್ತೀವಿ, ಗಾಯಕ್ಕೂ ಹಾಕ್ತೀವಿ. ಹಂಗೇನಾ?" ಅಂದರು. ಈಗ ನಾನು ಎಲ್ಲರಿಗೂ ಆ ಅರಿಶಿನದ ಮಾತನ್ನೇ ಹೇಳುತ್ತೇನೆ, ಚಿತ್ರ ಬಿಟ್ಟಿದ್ದೇನೆ.

ಮೂರನೇ ದಿನ ಗಂಡ ಮಂಕಾಗಿ ಮಲಗಿದ್ದರು. ಹಿಂದೊಮ್ಮೆ ಇಂಥದ್ದನ್ನೇ ಗುಣ ಅಂದುಕೊಂಡು ಒಬ್ಬರನ್ನು ಮನೆಗೆ ಕಳಿಸಿ ಬೈಸಿಕೊಂಡಿದ್ದೆ. ಈ ಸಲ ಕಾದೆ. ನಾಲ್ಕನೇ ಬೆಳಿಗ್ಗೆ, ಮಾತ್ರೆಗೆ ಮುಂಚೆ, ರಕ್ತದಲ್ಲಿ ವಾಲ್‌ಪ್ರೊಯೇಟ್ ಲೆವೆಲ್ 84 ಬಂತು. 50ರಿಂದ 125ರೊಳಗೆ ಇದ್ದರೆ ಸರಿ. ಐದನೇ ರಾತ್ರಿ ಆರು ಗಂಟೆ ನಿದ್ದೆ.

ಆದರೆ ಕಾಫಿ ಲೋಟ ಹಿಡಿದರೆ ಸಾಸರ್ ಮೇಲೆ ಟಕಟಕ ಸದ್ದು. ಲಿಥಿಯಂ, ವಾಲ್‌ಪ್ರೊಯೇಟ್ ಎರಡೂ ಕೈ ನಡುಗಿಸುತ್ತವೆ. ಲಿಥಿಯಂ ಏರಿದೆಯಾ ಅಂತ ಮತ್ತೆ ನೋಡಿಸಿದೆ, ಇರಲಿಲ್ಲ. ರಾತ್ರಿಯದ್ದನ್ನು 500ಕ್ಕೆ ಇಳಿಸಿದೆ. ಸದ್ದು ಕಡಿಮೆಯಾಯಿತು.

ಅದೇ ವಾರ 24ರ ಹುಡುಗಿಯೊಬ್ಬಳು ಮೇನಿಯಾದಲ್ಲೇ ಬಂದಳು. ಅವಳಿಗೆ ವಾಲ್‌ಪ್ರೊಯೇಟ್ ಬರೆಯಲಿಲ್ಲ. ಗರ್ಭ ನಿಂತರೆ ಮಗುವಿನ ಬೆನ್ನುಹುರಿಗೂ ಬುದ್ಧಿಗೂ ಪೆಟ್ಟು ಬೀಳಬಹುದು. "ಮದುವೆ ಆಗಿಲ್ಲವಲ್ಲ ಡಾಕ್ಟ್ರೇ" ಅಂದರು ಅವಳಪ್ಪ. ಆಗುತ್ತದಲ್ವಾ! ಒಲಾನ್ಜಪಿನ್ ಕೊಟ್ಟೆ.

ಮಂಡಿಯವರು ಎರಡು ವಾರದ ಮೇಲೆ ಮನೆಗೆ ಹೋದರು. ತಿಂಗಳಾದ ಮೇಲೆ ತೋರಿಸಲು ಬಂದಾಗ ಲಾರಿ ಅಡ್ವಾನ್ಸ್ ವಿಷಯ ಕೇಳಿದೆ. "ಒಂದರದ್ದು ವಾಪಸ್ ಸಿಕ್ತು ಸಾರ್" ಅಂದರು ಹೆಂಡತಿ. ಗಂಡ ಕತ್ತು ಬಗ್ಗಿಸಿ ನಕ್ಕರು.