ಹಿಮ್ಮುಖ ಚೈಲ್ಡ್ ಸೀಟ್: ಮೊದಲು ಕವರ್ ಬಿಚ್ಚಿ, ಆಮೇಲೆ ಸೀಟ್ ಕೂರಿಸಿ

ಪುಣೆಯ ವಾಕಡ್, ಬಾಣೇರ್, ಹಿಂಜವಡಿ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಹಿಮ್ಮುಖ ಚೈಲ್ಡ್ ಸೀಟ್, ಅಂದರೆ ಮಗು ಕಾರಿನ ಹಿಂಬದಿಗೆ ಮುಖ ಮಾಡಿ ಕೂರುವ ಸೀಟು, ಡಬ್ಬದಿಂದ ಹೊರಬರುವುದು ಸಾಮಾನ್ಯವಾಗಿ ಬೆಳಗಾವಿಗೋ ಹುಬ್ಬಳ್ಳಿಗೋ ಹೊರಡುವ ಹಿಂದಿನ ರಾತ್ರಿ. ಹಿಂದಿನ ಸೀಟಿನ ಮೇಲೆ ಇಟ್ಟು ಬೆಲ್ಟ್ ಎಳೆದು ನೋಡಿದರೆ ಅಲ್ಲಾಡುತ್ತದೆ. ಎಲ್ಲರೂ ಬೈಯುವುದು ಚೈಲ್ಡ್ ಸೀಟನ್ನು. ನಾನು ಕೂರಿಸಿ ನೋಡಿದ ಮಟ್ಟಿಗೆ ತಪ್ಪು ಹೆಚ್ಚಾಗಿ ಅದರ ಕೆಳಗಿರುವುದರದ್ದು: ಹೊಸ ಕಾರಿಗೆ ಅಕ್ಕರೆಯಿಂದ ಹಾಕಿಸಿದ ಲೆದರೆಟ್ (ಕೃತಕ ಚರ್ಮದ) ಕವರ್ ಮತ್ತು ಕಾಲಡಿಯ ದಪ್ಪ 7ಡಿ ಮ್ಯಾಟ್.

ಹಾಗಾಗಿ ನಾನು ಡಬ್ಬ ತೆರೆಯುವ ಮೊದಲು ಕಾರನ್ನು ತಯಾರು ಮಾಡುತ್ತೇನೆ. ಹೊರಗಿನಿಂದ ಹಾಕಿಸಿದ ಕವರಿನೊಳಗೆ ಒಂದು ಪದರ ಸ್ಪಂಜು ಇರುತ್ತದೆ, ಮೇಲ್ಮೈ ಜಾರುತ್ತದೆ. ಇವತ್ತು ಬಿಗಿಯಾಗಿ ಕೂತ ಸೀಟು ಸ್ಪಂಜು ಕುಗ್ಗಿದ ಮೇಲೆ ಸಡಿಲವಾಗುತ್ತದೆ. ಮಗು ಕೂರುವ ಬದಿಯ ಕವರ್ ಪೂರ್ತಿ ಬಿಚ್ಚುವುದೇ ಒಳ್ಳೆಯದು. ಐಸೋಫಿಕ್ಸ್ ಕೊಂಡಿಗಳೂ, ಅಂದರೆ ಬೆಲ್ಟಿಲ್ಲದೆ ಚೈಲ್ಡ್ ಸೀಟ್ ಸಿಕ್ಕಿಸಲು ಕಾರಿನಲ್ಲೇ ಇರುವ ಸರಳುಗಳೂ, ಇದೇ ಕವರಿನಡಿ ಅಡಗಿರುತ್ತವೆ. ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಬೆರಳು ತೂರಿಸಿದರೆ 6 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಸರಳು ಸಿಗಬೇಕು, ಒಂದರಿಂದ ಇನ್ನೊಂದಕ್ಕೆ 28 ಸೆಂಟಿಮೀಟರ್. ಎರಡೂ ಕೈಗೆ ತಾಗಿದ ಮೇಲೆಯೇ ಮುಂದಿನ ಕೆಲಸ. ಹ್ಯಾಚ್‌ಬ್ಯಾಕ್ ಆದರೆ ಹಿಂದಿನ ಸೀಟಿನ ಬೆನ್ನು ಸರಿಯಾಗಿ ಲಾಕ್ ಆಗಿದೆಯೇ ಎಂದು ಮುಂದಕ್ಕೆ ಎಳೆದು ನೋಡಿ. ಸಾಮಾನು ತುಂಬಲು ಮಡಚಿ ಮತ್ತೆ ಎತ್ತಿದ ಬೆನ್ನು ಒಂದು ಬದಿಯಲ್ಲಷ್ಟೇ ಸಿಕ್ಕಿಕೊಂಡಿರುವುದುಂಟು.

ಜಾಗ ಯಾವುದು? ನಾನು ಆರಿಸುವುದು ಹಿಂದಿನ ಎಡಬದಿ. ನಮ್ಮಲ್ಲಿ ಕಾರು ನಿಲ್ಲುವುದು ರಸ್ತೆಯ ಎಡಕ್ಕೆ, ಮಗುವನ್ನು ಫುಟ್‌ಪಾತ್ ಕಡೆಯಿಂದಲೇ ಇಳಿಸಿಕೊಳ್ಳಬಹುದು. ಪಕ್ಕದಿಂದ ಬಡಿಯುವ ಗುದ್ದಿಗೆ ನಡುವಿನ ಜಾಗ ದೂರ ನಿಜ. ಆದರೆ ನಮ್ಮ ಸಣ್ಣ ಕಾರುಗಳಲ್ಲಿ ಅಲ್ಲಿ ಉಬ್ಬು ಇರುತ್ತದೆ, ಸಾಮಾನ್ಯವಾಗಿ ಐಸೋಫಿಕ್ಸ್ ಇರುವುದಿಲ್ಲ, ಹಳೆಯ ಕಾರುಗಳಲ್ಲಿ ಸೊಂಟದ ಬೆಲ್ಟ್ ಮಾತ್ರ. ಅಲ್ಲಾಡುವ ನಡುವಿಗಿಂತ ಅಲುಗದ ಬದಿಯೇ ಮೇಲು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟ್ ಇಡುವ ಮಾತೇ ಇಲ್ಲ: ಏರ್‌ಬ್ಯಾಗ್ ಸಿಡಿದರೆ ನೇರ ಬಡಿಯುವುದು ಮಗುವಿನ ತಲೆಯ ಹಿಂದಿರುವ, ಸೀಟಿನ ಗಟ್ಟಿ ಚಿಪ್ಪಿಗೆ. ಹಳೆಯ ದೊಡ್ಡ ಗಾಡಿಗಳ ಹಿಂಬದಿಯಲ್ಲಿ ಎದುರುಬದುರು ಕೂರುವ ಅಡ್ಡ ಸೀಟುಗಳಿಗೂ ಚೈಲ್ಡ್ ಸೀಟ್ ಹಾಕಬಾರದು.

ಕೊಳ್ಳುವಾಗ ನೋಡಬೇಕಾದದ್ದು ಸೀಟಿಗೆ ಅಂಟಿಸಿದ ಕಿತ್ತಳೆ ಲೇಬಲ್. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಅನುಮೋದಿಸಿದ ದೇಶದ ಸಂಖ್ಯೆ. 1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್. ವಿಶ್ವಸಂಸ್ಥೆಯ ಹಳೆಯ ನಿಯಮ ಆರ್44/04, ಅದು ತೂಕದ ಲೆಕ್ಕ. 0+ ಗುಂಪು ಎಂದರೆ 13 ಕಿಲೋವರೆಗೆ. ಹೊಸದು ಆರ್129, ಅದು ಎತ್ತರದ ಲೆಕ್ಕ, ಮತ್ತು ಅದರ ಪ್ರಕಾರ 15 ತಿಂಗಳು ದಾಟುವ ತನಕ ಮಗುವನ್ನು ಮುಂದಕ್ಕೆ ಮುಖ ಮಾಡಿ ಕೂರಿಸುವಂತಿಲ್ಲ. ಭಾರತದ ಮಾನದಂಡ ಎಐಎಸ್-072. ಯಾವ ಗುರುತೂ ಇಲ್ಲದ, ಕಾರಿನ ಸೀಟಿಗೆ ಕಟ್ಟುವ ಬಟ್ಟೆಯ ಮೆತ್ತೆಯನ್ನು ಆನ್‌ಲೈನಿನಲ್ಲಿ ಚೈಲ್ಡ್ ಸೀಟ್ ಎಂದೇ ಮಾರುತ್ತಾರೆ. ಅದಕ್ಕೆ ಚಿಪ್ಪೇ ಇಲ್ಲ.

ಐಸೋಫಿಕ್ಸ್ ಬೇಸ್ (ಚೈಲ್ಡ್ ಸೀಟಿನ ಅಡಿಯ ಪೀಠ) ಇದ್ದರೆ ಕೆಲಸ ಸಲೀಸು. ಎರಡೂ ತೋಳುಗಳನ್ನು ಪೂರ್ತಿ ಹೊರಗೆಳೆದು, ಸರಳುಗಳ ನೇರಕ್ಕೆ ಹಿಡಿದು ನೂಕುತ್ತೇನೆ. ಎರಡು ಕ್ಲಿಕ್ ಬೇರೆಬೇರೆಯಾಗಿ ಕೇಳಬೇಕು, ಬೇಸಿನ ಎರಡೂ ಸೂಚಕ ಕಿಟಕಿ ಹಸಿರಾಗಬೇಕು. ಹಸಿರು ಕಂಡರೂ ಒಂದೊಂದು ತೋಳನ್ನೂ ನನ್ನ ಕಡೆಗೆ ಜಗ್ಗುತ್ತೇನೆ. ಕವರಿನ ಅಂಚೋ ಬಿಸ್ಕತ್ತಿನ ಚೂರೋ ಕೊಂಡಿಯ ಬಾಯಿಗೆ ಸಿಕ್ಕಿಕೊಂಡರೆ ಒಂದು ಬದಿ ಅರ್ಧವೇ ಕೂತಿರುತ್ತದೆ. ಆಮೇಲೆ ಮಂಡಿಯ ಭಾರ ಹಾಕಿ ಬೇಸನ್ನು ಕಾರಿನ ಬೆನ್ನಿಗೆ ಒತ್ತಬೇಕು. ಕೊನೆಗೆ ಸಪೋರ್ಟ್ ಲೆಗ್, ಬೇಸಿನಿಂದ ಕಾರಿನ ನೆಲಕ್ಕೆ ಇಳಿಯುವ ಕಾಲು.

ಈ ಕಾಲಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಗಾಡಿ ಮುಂದೆ ಗುದ್ದಿದಾಗ ಚೈಲ್ಡ್ ಸೀಟು ಮುಂದಕ್ಕೆ ಮಗುಚದಂತೆ ತಡೆಯುವುದು ಇದು. ಗಟ್ಟಿ ನೆಲಕ್ಕೆ ಊರದಿದ್ದರೆ ಇದ್ದೂ ಇಲ್ಲದ ಲೆಕ್ಕ. 7ಡಿ ಮ್ಯಾಟಿನ ಮೇಲೆ ಊರಿದರೆ ಸೂಚಕ ಹಸಿರು ತೋರಿಸುತ್ತದೆ, ಆದರೆ ಕೆಳಗಿರುವುದು ಮೆತ್ತನೆಯ ಪದರ. ಆ ಬದಿಯ ಮ್ಯಾಟ್ ತೆಗೆದು ಕಾರಿನ ಮೂಲ ಕಾರ್ಪೆಟ್ಟಿನ ಮೇಲೆ ಊರಿ. ಹಾಗೆಂದು ಅತಿಯಾಗಿ ಉದ್ದ ಮಾಡಿದರೆ ಬೇಸಿನ ಮುಂಭಾಗ ಸೀಟಿನಿಂದ ಎದ್ದು ನಿಲ್ಲುತ್ತದೆ, ಅದೂ ತಪ್ಪು. ಕೆಲವು ಕಾರುಗಳಲ್ಲಿ ಹಿಂದಿನವರ ಕಾಲಡಿಯಲ್ಲಿ ಸಾಮಾನು ಇಡುವ ಗೂಡು ಇರುತ್ತದೆ. ಅದರ ಮುಚ್ಚಳದ ಮೇಲೆ ಕಾಲು ಊರಬಾರದು, ಗುದ್ದಿನಲ್ಲಿ ಮುಚ್ಚಳ ಒಡೆದು ಒಳಗಿಳಿಯುತ್ತದೆ. ಅಂಥ ಕಡೆ ಕಾರಿನ ಕೈಪಿಡಿ ಹೇಳಿದಂತೆ ನಡೆಯಬೇಕು, ಇಲ್ಲವೇ ಕಾಲಿಲ್ಲದ, ಬೆಲ್ಟಿನಿಂದ ಕಟ್ಟುವ ಸೀಟು ಆರಿಸಬೇಕು. ಐಸೋಫಿಕ್ಸ್ ಹಾಕಿದ ಮೇಲೂ ಭದ್ರತೆಗೆ ಇರಲಿ ಎಂದು ಕಾರಿನ ಬೆಲ್ಟನ್ನೂ ಬಿಗಿಯುವವರಿದ್ದಾರೆ. ಸೀಟಿನ ಕೈಪಿಡಿ ಹೇಳದ ಹೊರತು ಅದು ಬೇಡ.

ಬೆಲ್ಟಿನ ಸೀಟಿಗೆ ಶ್ರಮ ಹೆಚ್ಚು. ಹಿಮ್ಮುಖಕ್ಕೆ ನೀಲಿ ಗುರುತಿನ ದಾರಿ, ಮುಮ್ಮುಖಕ್ಕೆ ಕೆಂಪು. ಎರಡೂ ಇರುವ ಸೀಟಿನಲ್ಲಿ ಗಡಿಬಿಡಿಯಲ್ಲಿ ಕೆಂಪಿಗೆ ತೂರಿಸಿದವರನ್ನು ಕಂಡಿದ್ದೇನೆ. ಕೈಯಲ್ಲಿ ಎತ್ತಿಕೊಂಡು ಹೋಗುವ ತೊಟ್ಟಿಲಿನಂಥ ಸೀಟಿಗೆ ಸೊಂಟದ ಬೆಲ್ಟ್ ಮಗುವಿನ ಮೊಣಕಾಲ ಕಡೆಯ ನೀಲಿ ಕೊಕ್ಕೆಗಳಲ್ಲಿ ಹಾದು, ಭುಜದ ಬೆಲ್ಟ್ ಚಿಪ್ಪಿನ ಬೆನ್ನನ್ನು ಸುತ್ತಿ ಬರುತ್ತದೆ. ಬೆಲ್ಟ್ ಎಲ್ಲೂ ತಿರುಚಿರಬಾರದು. ಬಕಲ್ ಕ್ಲಿಕ್ ಆದ ಮೇಲೆ ಒಂದು ಕೈಯಿಂದ ಸೀಟನ್ನು ಕೆಳಕ್ಕೆ ಅದುಮಿ ಹಿಡಿದು, ಮೊದಲು ಸೊಂಟದ ಭಾಗದ ಸಡಿಲ ಎಳೆದು, ಅದನ್ನು ಬಿಡದೆ ಭುಜದ ಭಾಗ ಎಳೆಯುತ್ತೇನೆ. ಲಾಕ್-ಆಫ್ (ಬೆಲ್ಟ್ ಜಾರದಂತೆ ಹಿಡಿಯುವ, ಸೀಟಿನಲ್ಲೇ ಇರುವ ಕ್ಲಿಪ್) ಇದ್ದರೆ ಮುಚ್ಚುತ್ತೇನೆ. ಇಲ್ಲದಿದ್ದರೆ ಪ್ರತಿ ಸಲ ಹೊರಡುವ ಮೊದಲು ಮತ್ತೆ ಎಳೆಯಬೇಕು, ಏಕೆಂದರೆ ನಮ್ಮ ಕಾರುಗಳ ಬೆಲ್ಟ್ ಸಾಮಾನ್ಯವಾಗಿ ಜರ್ಕ್ ಬಿದ್ದಾಗ ಮಾತ್ರ ಹಿಡಿಯುವಂಥದ್ದು, ಸುಮ್ಮನಿದ್ದಾಗ ನಿಧಾನ ಬಿಡುತ್ತದೆ.

ಇಲ್ಲಿ ಎರಡು ತೊಡಕು ಬರಬಹುದು. ಬಕಲಿನ ಕಾಂಡ ಉದ್ದವಿದ್ದು, ಬಕಲ್ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆಯೇ ಒರಗಿದರೆ ಎಷ್ಟು ಎಳೆದರೂ ಬಿಗಿಯಾಗದು. ಗುದ್ದಿನಲ್ಲಿ ಬಕಲ್ಲೇ ಮುರಿಯಬಹುದು. ಬದಿ ಬದಲಿಸಿ ನೋಡಿ. ಇನ್ನೊಂದು, ಕೆಲವು ಹ್ಯಾಚ್‌ಬ್ಯಾಕುಗಳ ಹಿಂದಿನ ಬೆಲ್ಟ್ ಚಿಪ್ಪನ್ನು ಸುತ್ತಿ ಬರುವಷ್ಟು ಉದ್ದ ಇರುವುದೇ ಇಲ್ಲ. ಅದಕ್ಕೆ ಮಾರುಕಟ್ಟೆಯ ಎಕ್ಸ್‌ಟೆಂಡರ್ ಜೋಡಿಸಬೇಡಿ, ಸೀಟನ್ನೇ ಬದಲಿಸಿ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ನಿಮ್ಮ ಕಾರಿನಲ್ಲೇ ಕೂರಿಸಿ ತೋರಿಸಿ ಎಂದು ಹಟ ಹಿಡಿಯಬೇಕಾದದ್ದು ಇದೊಂದಕ್ಕೆ.

ಬಿಗಿ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದು ತಪ್ಪು ಜಾಗದಲ್ಲಿ. ಚಿಪ್ಪಿನ ತುದಿ, ಅಂದರೆ ಮಗುವಿನ ತಲೆಯ ಕಡೆ ಹಿಡಿದು ಅಲ್ಲಾಡಿಸುತ್ತಾರೆ. ಹಿಮ್ಮುಖ ಸೀಟಿನ ಆ ತುದಿ ಸ್ವಲ್ಪ ಅಲುಗುವುದು ಸಹಜ. ಹಿಡಿಯಬೇಕಾದದ್ದು ಬೆಲ್ಟ್ ಹಾದುಹೋಗುವ ಜಾಗದಲ್ಲಿ, ಐಸೋಫಿಕ್ಸ್ ಆದರೆ ಕೊಂಡಿಗಳ ಹತ್ತಿರ. ಅಲ್ಲಿ ಹಿಡಿದು ಎಡಬಲಕ್ಕೆ, ಹಿಂದುಮುಂದಕ್ಕೆ ಎಳೆದಾಗ 2.5 ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಬಲ ಪೂರ್ತಿ ಹಾಕಬೇಕಿಲ್ಲ, ಕೈಕುಲುಕುವಷ್ಟು ಸಾಕು.

ಇನ್ನು ಓರೆ. ಮೊದಲ ತಿಂಗಳುಗಳಲ್ಲಿ ಕುತ್ತಿಗೆ ನಿಂತಿರುವುದಿಲ್ಲ. ಸೀಟು ನೆಟ್ಟಗಾದರೆ ನಿದ್ದೆಯಲ್ಲಿ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಕಟ್ಟುತ್ತದೆ. ಹಸುಗೂಸಿಗೆ ಸುಮಾರು 45 ಡಿಗ್ರಿ ಓರೆ ಬೇಕು, ಕೂರಲು ಕಲಿತ ಮೇಲೆ ಕೈಪಿಡಿ ಬಿಟ್ಟಷ್ಟು ನೆಟ್ಟಗೆ ಮಾಡಬಹುದು. ನಮ್ಮ ಕಾರುಗಳ ಹಿಂದಿನ ಸೀಟು ಬೆನ್ನಿನ ಕಡೆ ತಗ್ಗು, ಹೀಗಾಗಿ ಚೈಲ್ಡ್ ಸೀಟು ನೆಟ್ಟಗೆ ಏಳುತ್ತದೆ. ಕೈಪಿಡಿ ಒಪ್ಪಿದರೆ ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ, ಕಾರಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ, ಮಗುವಿನ ಪಾದದ ಕಡೆಯ ಅಡಿಗೆ ಇಡುತ್ತೇನೆ. ಪಾದದ ಬದಿ ಎದ್ದು ತಲೆಯ ಬದಿ ಇಳಿಯುತ್ತದೆ. ಓರೆ ಅಳೆಯುವಾಗ ಕಾರು ಸಮತಟ್ಟಿನಲ್ಲಿರಲಿ. ಸೊಸೈಟಿಯ ಪಾರ್ಕಿಂಗ್ ರ‍್ಯಾಂಪಿನ ಮೇಲೆ ನಿಲ್ಲಿಸಿ ಸರಿಮಾಡಿದ ಓರೆ ರಸ್ತೆಗಿಳಿದರೆ ತಪ್ಪಿರುತ್ತದೆ.

ಮಗುವನ್ನು ಕಟ್ಟುವ ಪಟ್ಟಿಗಳು ಹಿಮ್ಮುಖ ಸೀಟಿನಲ್ಲಿ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು, ಮೇಲಿನಿಂದಲ್ಲ. ಬಿಗಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ: ಮಡಿಕೆ ಸಿಕ್ಕರೆ ಇನ್ನೂ ಸಡಿಲ. ದಪ್ಪ ಸ್ವೆಟರ್, ಶಾಲು ಪಟ್ಟಿಯ ಒಳಗೆ ಬೇಡ. ಬಿಗಿದಾದ ಮೇಲೆ ಮೇಲಿನಿಂದ ಹೊದಿಸಿ. ಕುಲಾವಿಯ ಗಂಟು ಗದ್ದದಡಿ ಒತ್ತುತ್ತಿದ್ದರೆ ಬಿಚ್ಚಿ. ಬೆಳ್ಳಿ ಉಡಿದಾರ ಸೊಂಟದ ಪಟ್ಟಿಯಡಿ ಸಿಕ್ಕಿದರೆ ಕೂಸು ಕಾರಣ ತಿಳಿಯದ ಹಾಗೆ ಅಳುತ್ತದೆ, ಮನೆಯವರು ಸೀಟೇ ಆಗಿಬರುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ಏಪ್ರಿಲಿನ ಪುಣೆಯ ಬಿಸಿಲಲ್ಲಿ ನಿಂತ ಕಾರಿನ ಬಕಲ್ ಮುಟ್ಟಿ ನೋಡದೆ ಹಾಕಬೇಡಿ.

ಅಜ್ಜಿಯರ ಆಕ್ಷೇಪ ಒಂದೇ: ಕಾಲು ಮಡಚಿಕೊಂಡಿದೆ, ಪಾಪ, ತಿರುಗಿಸು. ಕಾಲು ಮಡಚಿದ್ದರಿಂದ ತೊಂದರೆಯಿಲ್ಲ. ಸೀಟು ಸಣ್ಣದಾಯಿತೇ ಎಂದು ತೀರ್ಮಾನಿಸಬೇಕಾದದ್ದು ತಲೆ ಮತ್ತು ಚಿಪ್ಪಿನ ಮೇಲಂಚಿನ ನಡುವಿನ ಅಂತರ ಹಾಗೂ ಲೇಬಲ್ಲಿನ ತೂಕ, ಎತ್ತರ. ಹುಟ್ಟಿದ ಕೂಸಿನ ತಲೆ ದೇಹದ ಉದ್ದದ ಕಾಲು ಭಾಗ. ಅಷ್ಟು ಭಾರ ಎಳೆಗತ್ತಿನ ಮೇಲೆ ಮುಂದಕ್ಕೆ ಚಿಮ್ಮದಂತೆ ಹಿಮ್ಮುಖ ಚಿಪ್ಪು ಬೆನ್ನು, ಕುತ್ತಿಗೆ, ತಲೆ ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ. ತೊಡೆಯ ಮೇಲೆ ಹಿಡಿದುಕೊಳ್ಳುತ್ತೇನೆ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ: ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ 10 ಕಿಲೋ ಮಗುವನ್ನು ತಡೆಯಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಯಾರೂ 50ರಲ್ಲಿ ಹೋಗುವುದಿಲ್ಲ. ಕಾನೂನಿಗೆ ಹೆದರುವವರಿದ್ದರೆ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 1000 ರೂಪಾಯಿ ದಂಡ.

ಊರಿಗೆ ಹೊರಟಾಗ ಹಿಂದಿನ ಗಾಜಿನಡಿಯ ಹಲಗೆ ಖಾಲಿ ಇರಲಿ. ಸ್ಟೀಲ್ ಡಬ್ಬಿ, ತೆಂಗಿನಕಾಯಿ ಎಲ್ಲ ಡಿಕ್ಕಿಗೆ. ಸಾತಾರಾ, ಕರಾಡ, ಕೊಲ್ಹಾಪುರ ಎಂದು ಎರಡು ತಾಸು ಮೀರದಂತೆ ನಿಲ್ಲಿಸಿ, ಮಗುವನ್ನು ಸೀಟಿನಿಂದ ತೆಗೆದು ಮಲಗಿಸಬೇಕು. ಹಸುಗೂಸಾದರೆ ಇನ್ನೂ ಬೇಗ. ಹಾಲು ಕುಡಿಸುವುದೂ ಗಾಡಿ ನಿಂತಾಗಲೇ. ಮತ್ತೆ ಕೂರಿಸುವಾಗ ಬೆಲ್ಟ್ ದಾರಿಯಲ್ಲಿ ಕೈಯಿಟ್ಟು ಒಮ್ಮೆ ಎಳೆದು ನೋಡಿ, ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಬೆಲ್ಟ್ ಸಡಿಲಾಗಿರಬಹುದು.