ತೊರಕೆ ಇರುವ ನೀರಿಗೆ ಇಳಿಯುವುದು ಹೇಗೆ?

ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಕಡಲಿನ ಮೊಣಕಾಲುದ್ದ ನೀರಿಗೆ ಇಳಿದಾಗ ನಮ್ಮ ಕಣ್ಣು ಅಲೆಯ ಮೇಲಿರುತ್ತದೆ. ಕಾಲ ಕೆಳಗಿನ ಮರಳನ್ನು ಯಾರು ನೋಡುತ್ತಾರೆ, ಅಲ್ವಾ? ತೊರಕೆ, ಅಂದರೆ ಸ್ಟಿಂಗ್‌ರೇ ಎಂಬ ಚಪ್ಪಟೆ ಮೀನು, ಮಲಗುವುದು ಅಲ್ಲೇ.

ಮೊದಲು ಅದರ ಸ್ವಭಾವ ತಿಳಿದುಕೊಳ್ಳಿ. ತೊರಕೆ ಶಾರ್ಕ್‌ನ ಹತ್ತಿರದ ನೆಂಟ. ಮೈಯಲ್ಲಿ ಗಟ್ಟಿ ಮೂಳೆಯಿಲ್ಲ, ಇರುವುದು ನಮ್ಮ ಕಿವಿಯಲ್ಲಿರುವಂಥ ಮೃದು ಎಲುಬು. ಬಾಯಿ ಹೊಟ್ಟೆಯ ಬದಿಗಿದೆ. ಮರಳಲ್ಲಿ ಹುದುಗಿ ಬಾಯಿಂದ ನೀರೆಳೆದರೆ ಮರಳೂ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿನ ಹಿಂದಿರುವ ಎರಡು ತೂತುಗಳಿಂದ ನೀರೆಳೆದು ಉಸಿರಾಡುತ್ತದೆ. ಏಡಿ, ಮರುವಾಯಿ (ಚಿಪ್ಪುಜೀವಿ) ಕಣ್ಣಿಗೆ ಕಾಣದಿದ್ದರೂ ಅವುಗಳ ಮೈಯಿಂದ ಬರುವ ಸಣ್ಣ ವಿದ್ಯುತ್ತನ್ನು ಮೂತಿಯ ಸುತ್ತಲಿನ ರಂಧ್ರಗಳಿಂದ ಪತ್ತೆ ಮಾಡುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಗರ್ಭದಲ್ಲೇ ಮರಿಗೆ ಹಾಲಿನಂಥ ದ್ರವ ಉಣಿಸುವ ತಾಯಿ ಇದು. ಇಂಥ ಜೀವಿಯನ್ನು ಬರೀ ‘ಮುಳ್ಳಿನ ಮೀನು’ ಎಂದು ದೂರ ಇಡುವುದು ನನಗೆ ಸರಿ ಕಾಣುವುದಿಲ್ಲ.

ಅದು ಮನುಷ್ಯರನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಬೆನ್ನ ಮೇಲೆ ಕಾಲಿಟ್ಟಾಗಲೋ ಬೆದರಿದಾಗಲೋ ವಿಷದ ಮುಳ್ಳಿರುವ ಬಾಲ ಮೇಲಕ್ಕೆ ಬೀಸುತ್ತದೆ. ಹಾಗಾಗಿ ನೀರಿನಲ್ಲಿ ಹೆಜ್ಜೆ ಎತ್ತಿ ಇಡಬೇಡಿ. ಪಾದವನ್ನು ಮರಳಿಗೆ ಉಜ್ಜುತ್ತಾ, ಎಳೆಯುತ್ತಾ ನಿಧಾನ ನಡೆಯಿರಿ. ನೆಲದ ಅದುರು ತಿಳಿದ ಕೂಡಲೇ ತೊರಕೆ ತಾನೇ ಜಾರಿಕೊಳ್ಳುತ್ತದೆ. ಅಳಿವೆಯ ಕೆಸರು ನೀರಲ್ಲಿ ಮುಂದೆ ಒಂದು ಕೋಲು ಆಡಿಸಿಕೊಂಡು ಹೋಗಿ. ಮಕ್ಕಳಿಗೂ ಇದನ್ನು ಆಟದ ಹಾಗೆ ಕಲಿಸಿ.

ಚುಚ್ಚಿಬಿಟ್ಟರೆ? ನೀರಿನಿಂದ ಹೊರಗೆ ಬನ್ನಿ. ಗಾಯ ತೊಳೆದು, ರಕ್ತ ಬರುತ್ತಿದ್ದರೆ ಒತ್ತಿ ಹಿಡಿಯಿರಿ. ಆಮೇಲೆ ಪಾದವನ್ನು ತಡೆಯುವಷ್ಟು ಬಿಸಿಯಾದ ನೀರಿನಲ್ಲಿಡಿ. 45 ಡಿಗ್ರಿ ಸೆಲ್ಸಿಯಸ್ ದಾಟಬಾರದು. ನೋವಿನಲ್ಲಿರುವವರಿಗೆ ಸುಡುವುದು ಗೊತ್ತಾಗುವುದಿಲ್ಲ, ಬೇರೆಯವರು ಕೈ ಅದ್ದಿ ನೋಡಬೇಕು. 30ರಿಂದ 90 ನಿಮಿಷ ಹೀಗೆ ಇಡಿ. ಈ ವಿಷ ಬಿಸಿಗೆ ಕೆಡುತ್ತದೆ, ನೋವು ಸಾಮಾನ್ಯವಾಗಿ ಇಳಿಯುತ್ತದೆ. ನಂತರ ಆಸ್ಪತ್ರೆಗೆ ಹೋಗಲೇಬೇಕು. ಮುಳ್ಳಿಗೆ ಗರಗಸದಂಥ ಹಲ್ಲುಗಳಿರುವುದರಿಂದ ಚೂರು ಒಳಗೆ ಉಳಿದಿರಬಹುದು. ಟೆಟನಸ್ ಚುಚ್ಚುಮದ್ದೂ ಬೇಕಾಗಬಹುದು. ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ್ದರೆ ಮುಳ್ಳನ್ನು ಕೀಳಲೇಬೇಡಿ, ಬಿಸಿನೀರಿಗೆಂದು ಕಾಯಲೂ ಬೇಡಿ. 2006ರಲ್ಲಿ ಆಸ್ಟ್ರೇಲಿಯಾದ ವನ್ಯಜೀವಿ ಟಿವಿ ನಿರೂಪಕ ಸ್ಟೀವ್ ಇರ್ವಿನ್ ತೀರಿಕೊಂಡದ್ದು ಎದೆಗೆ ಮುಳ್ಳು ನಾಟಿಯೇ.

ಇನ್ನೊಂದು ಮಾತು ದಕ್ಕೆಯಲ್ಲಿ (ದೋಣಿಗಳು ಮೀನು ಇಳಿಸುವ ಕಡೆ) ಮೀನು ಕೊಳ್ಳುವವರಿಗೆ. ಸತ್ತ ತೊರಕೆಯ ಮುಳ್ಳಲ್ಲೂ ವಿಷ ಇರುತ್ತದೆ. ಇಡೀ ಮೀನು ಕೊಂಡರೆ ಬಾಲ ಅಲ್ಲೇ ಕತ್ತರಿಸಿ ಕೊಡಲು ಹೇಳಿ.