ಹಳೆಯ ಸಣ್ಣ ಕಾರಿಗೆ ದೊಡ್ಡ ಬ್ರೇಕ್: ನನ್ನ ಅನುಭವ

ಬ್ರೇಕ್‌ಗೆ ದೊಡ್ಡ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಒಂದು ಸಲ ಬಲವಾಗಿ ತುಳಿದು ನಿಲ್ಲಿಸುವ ಮಟ್ಟಿಗೆ ಈ ನಂಬಿಕೆ ಸರಿಯಲ್ಲ. ಒಣ ಡಾಂಬರು ರಸ್ತೆಯಲ್ಲಿ ಚಕ್ರವನ್ನು ತಿರುಗದಂತೆ ಲಾಕ್ ಮಾಡುವಷ್ಟು ಬಲ ಹಳೆಯ ಬ್ರೇಕ್‌ನಲ್ಲೇ ಇದ್ದರೆ, ಕಾರು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ಟಯರಿನ ಹಿಡಿತವೇ ನಿರ್ಧರಿಸುತ್ತದೆ. ಡಿಸ್ಕಿನ ಗಾತ್ರಕ್ಕೆ ಅಲ್ಲಿ ಹೆಚ್ಚಿನ ಪಾತ್ರವಿಲ್ಲ. ದೊಡ್ಡ ಬ್ರೇಕ್‌ನಿಂದ ನಿಜವಾಗಿ ಸಿಗುವುದು ಮತ್ತೆ ಮತ್ತೆ ತುಳಿದಾಗಲೂ ಬಿಸಿಗೆ ಸೋಲದ ಗುಣ. ನನಗೆ ಬೇಕಾಗಿದ್ದುದೂ ಅದೇ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಭೌತವಿಜ್ಞಾನ ಕಲಿಸುವವನು. ನನ್ನ ಕಾರು 2007ರಲ್ಲಿ ಕೆಎಲ್ 14 ಸರಣಿಯಲ್ಲಿ ನೋಂದಣಿಯಾದ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್; ಮುಂದೆ ಡಿಸ್ಕ್, ಹಿಂದೆ ಡ್ರಮ್, ಚಕ್ರ ಲಾಕ್ ಆಗುವುದನ್ನು ತಡೆಯುವ ಎಬಿಎಸ್ ಇಲ್ಲ. ಮಾದರಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಂದೇ ಹೆಸರಿನ ಕಾರಿನಲ್ಲಿ ವರ್ಷಕ್ಕೆ, ದರ್ಜೆಗೆ ತಕ್ಕಂತೆ ಡಿಸ್ಕಿನ ಅಳತೆ ಬೇರೆಯಾಗುವುದುಂಟು. ಹೆಸರು ನೋಡಿ ಸಾಮಾನು ತರಿಸುವ ಬದಲು ವರ್ನಿಯರ್ ಹಿಡಿದು ಅಳೆಯುವುದೇ ಕ್ಷೇಮ. ಪತ್ನಿಯ ತವರು ಮಡಿಕೇರಿಯ ಆಚೆಗಿರುವುದರಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆಯ ದಾರಿ ನಮಗೆ ತಪ್ಪಿದ್ದಲ್ಲ. ಸಾಮಾನು ತುಂಬಿಕೊಂಡು ಮಡಿಕೇರಿಯಿಂದ ಇಳಿಯುವಾಗ, ಘಟ್ಟದ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾಗಿ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸುಟ್ಟ ವಾಸನೆ ಒಳಗೆ ಬರುತ್ತಿತ್ತು.

ಇದಕ್ಕೆ ಕಾರಣವನ್ನು ಲೆಕ್ಕವೇ ಹೇಳುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಸಂಪಾಜೆಗೆ ಇಳಿಯುವಾಗ ಹೆಚ್ಚುಕಡಿಮೆ 1000 ಮೀಟರ್ ಕೆಳಗೆ ಬರುತ್ತೇವೆ. ಜನ, ಸಾಮಾನು ಸೇರಿ 1300 ಕೆ.ಜಿ. ತೂಗುವ ಕಾರು ಅಷ್ಟು ಇಳಿದರೆ ಸುಮಾರು 1.27 ಕೋಟಿ ಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಅದೇ ಕಾರನ್ನು ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಿಸಲು ಕರಗಿಸಬೇಕಾದದ್ದು 3.2 ಲಕ್ಷ ಜೂಲ್ ಮಾತ್ರ. ಅಂದರೆ ಆ ಒಂದು ಇಳಿತ 80ರ ವೇಗದಿಂದ ನಲವತ್ತು ಬಾರಿ ನಿಲ್ಲಿಸಿದ್ದಕ್ಕೆ ಸಮ. ಎರಡನೆಯ ಗೇರಿನಲ್ಲಿ ಇಳಿದರೆ ಎಂಜಿನ್ ಒಂದು ಪಾಲನ್ನು ಹೊರುತ್ತದೆ, ಗಾಳಿ ಇನ್ನೊಂದು ಪಾಲನ್ನು. ಉಳಿದದ್ದೆಲ್ಲ ಬ್ರೇಕ್‌ನ ಪಾಲು, ಅದರಲ್ಲೂ ಬಹುಭಾಗ ಮುಂದಿನ ಎರಡು ಡಿಸ್ಕುಗಳದ್ದು.

ಆದರೂ ಹೊಸ ಸಾಮಾನಿಗೆ ಹಣ ಕೊಡುವ ಮೊದಲು ಇದ್ದ ಬ್ರೇಕನ್ನೇ ಸುಸ್ಥಿತಿಗೆ ತಂದೆ, ಮತ್ತು ಈ ಕೆಲಸಕ್ಕೆ ಹೊರಡುವ ಯಾರಿಗಾದರೂ ನಾನು ಹೇಳುವ ಮೊದಲ ಮಾತು ಇದೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ನಮ್ಮ ಕಾಸರಗೋಡಿನಂಥ ಕಡೆ ಇದನ್ನು ಅಲಕ್ಷಿಸುವಂತಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಆಯಿಲ್ ಕುದಿದು ಆವಿಯ ಗುಳ್ಳೆಗಳಾದರೆ ಪೆಡಲ್ ತುಳಿದಷ್ಟೂ ಗುಳ್ಳೆ ಕುಗ್ಗುತ್ತದೆಯೇ ಹೊರತು ಪ್ಯಾಡನ್ನು ಒತ್ತುವ ಪಿಸ್ಟನ್‌ಗೆ ಒತ್ತಡ ತಲುಪುವುದಿಲ್ಲ. ಹಳೆಯ ಆಯಿಲ್ ಪೂರ್ತಿ ತೆಗೆದು ಡಾಟ್ 4 ತುಂಬಿಸಿ, ಉಬ್ಬಿದ ರಬ್ಬರ್ ಹೋಸ್‌ಗಳನ್ನು ಬದಲಾಯಿಸಿ, ಹಿಂದಿನ ಡ್ರಮ್‌ನ್ನು ಒಳಗಿನಿಂದ ಒತ್ತುವ ಶೂಗಳನ್ನು ಸರಿಹೊಂದಿಸಿದಾಗಲೇ ಅರ್ಧ ತೊಂದರೆ ಪರಿಹಾರವಾಯಿತು. ಬಯಲು ರಸ್ತೆಯಲ್ಲಿ, ಚೆರ್ಕಳ–ಕಲ್ಲಡ್ಕ ದಾರಿಯಲ್ಲಿ ಓಡಾಡುವವರಿಗೆ ಅಷ್ಟೇ ಸಾಕು. ಮುಂದಿನದ್ದು ಅವರಿಗೆ ಅನಗತ್ಯ ಖರ್ಚು ಎಂದೇ ನನ್ನ ಅಭಿಪ್ರಾಯ.

ಉಳಿದರ್ಧವೇ ಘಟ್ಟದ ಪ್ರಶ್ನೆ. ನನ್ನ ಹಳೆಯ ಡಿಸ್ಕ್ 240 ಮಿ.ಮೀ. ವ್ಯಾಸದ್ದು, ತೂಕ ಸುಮಾರು 4 ಕೆ.ಜಿ. ನಾನು ಆರಿಸಿದ್ದು 280 ಮಿ.ಮೀ.ನದ್ದು, ಸುಮಾರು 6 ಕೆ.ಜಿ. 80ರಿಂದ ಒಮ್ಮೆ ನಿಲ್ಲಿಸಿದಾಗ ಮುಂದಿನ ಪ್ರತಿಯೊಂದು ಡಿಸ್ಕಿಗೆ ಒಂದು ಲಕ್ಷ ಜೂಲಿಗೂ ಹೆಚ್ಚು ಶಾಖ ಸೇರುತ್ತದೆ. ಹಳೆಯದು ಇದರಿಂದ 60 ಡಿಗ್ರಿಯಷ್ಟು ಏರಿದರೆ ಹೊಸದು 40ರಷ್ಟು ಏರುತ್ತದೆ. ಮೈ ದೊಡ್ಡದಾದ್ದರಿಂದ ಎರಡು ತಿರುವುಗಳ ನಡುವೆ ಆರುವುದೂ ಬೇಗ.

ಡಿಸ್ಕ್‌ಗಿಂತಲೂ ಹೆಚ್ಚು ಯೋಚಿಸಬೇಕಾದದ್ದು ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗದ, ಅಂದರೆ ಕ್ಯಾಲಿಪರ್‌ನ, ಪಿಸ್ಟನ್ ಬಗ್ಗೆ. ನನ್ನ ಹಳೆಯ ಕ್ಯಾಲಿಪರ್ ಜಾರುವ ಬಗೆಯದು, 51 ಮಿ.ಮೀ.ನ ಒಂದೇ ಪಿಸ್ಟನ್, ವಿಸ್ತೀರ್ಣ 20.4 ಚದರ ಸೆಂ.ಮೀ. ನಾಲ್ಕು ಪಿಸ್ಟನ್‌ನ ಸ್ಥಿರ ಕ್ಯಾಲಿಪರ್‌ನಲ್ಲಿ ಒಂದು ಬದಿಯ ಎರಡು ಪಿಸ್ಟನ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಜಾರುವ ಕ್ಯಾಲಿಪರ್‌ನ ಒಂದೇ ಪಿಸ್ಟನ್ ಒಂದು ಪ್ಯಾಡನ್ನು ಒತ್ತಿದಾಗ, ಮೈ ಜಾರಿ ಇನ್ನೊಂದು ಬದಿಯ ಪ್ಯಾಡ್ ಕೂಡ ಅಷ್ಟೇ ಬಲದಿಂದ ಒತ್ತಲ್ಪಡುತ್ತದೆ. ಅಂಗಡಿಯವರು ಮೊದಲು ತೋರಿಸಿದ ಕ್ಯಾಲಿಪರ್‌ನ ಪಿಸ್ಟನ್ 1.75 ಇಂಚಿನವು. ಎರಡು ಸೇರಿದರೆ 31 ಚದರ ಸೆಂ.ಮೀ.; ಹಳೆಯದರ ಒಂದೂವರೆ ಪಟ್ಟು. ಅದನ್ನು ಹಾಕಿದ್ದರೆ ಮೂಲ ಮಾಸ್ಟರ್ ಸಿಲಿಂಡರ್ ಅಷ್ಟು ಆಯಿಲ್ ದೂಡಲು ಪೆಡಲ್ ತುಂಬ ಕೆಳಗೆ ಹೋಗುತ್ತಿತ್ತು, ಮುಂದಿನ ಚಕ್ರಗಳು ಬಹಳ ಬೇಗ ಲಾಕ್ ಆಗಿ ಹಿಂದಿನ ಡ್ರಮ್‌ಗಳು ಹೆಸರಿಗಷ್ಟೇ ಉಳಿಯುತ್ತಿದ್ದವು. ಆದ್ದರಿಂದ 1.38 ಇಂಚಿನ, ಅಂದರೆ 35 ಮಿ.ಮೀ.ನ ಪಿಸ್ಟನ್‌ಗಳದ್ದನ್ನು ತರಿಸಿದೆ. ವಿಸ್ತೀರ್ಣ 19 ಚದರ ಸೆಂ.ಮೀ.ಗೆ ತುಸು ಮೇಲೆ. ಪ್ಯಾಡ್ ಒತ್ತುವ ಜಾಗ ಕೇಂದ್ರದಿಂದ 100 ಮಿ.ಮೀ. ಇದ್ದುದು 120 ಆಗುವುದರಿಂದ, ಅದೇ ಒತ್ತಡಕ್ಕೆ ಮುಂದಿನ ಬ್ರೇಕ್‌ನ ತಿರುಗುಬಲ ಶೇಕಡ 13ರಷ್ಟು ಮಾತ್ರ ಹೆಚ್ಚುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಬಾಲ ತಿರುಗಿಸುತ್ತದೆ. ಮುಂದಿನದ್ದು ಮೊದಲಾದರೆ ನೇರವಾಗಿ ಜಾರುತ್ತದೆ. ಈ ಸಣ್ಣ ವಾಲಿಕೆ ಸುರಕ್ಷಿತ ದಿಕ್ಕಿನಲ್ಲೇ ಇದೆ. ಹಿಂದೆಯೂ ಡಿಸ್ಕ್ ಹಾಕುವ ವಿಚಾರವನ್ನು ಹ್ಯಾಂಡ್‌ಬ್ರೇಕ್‌ನ ತಾಪತ್ರಯಕ್ಕಾಗಿ ಕೈಬಿಟ್ಟೆ.

280ರ ಡಿಸ್ಕ್ 14 ಇಂಚಿನ ವೀಲ್‌ನೊಳಗೆ ಕೂರುವುದಿಲ್ಲ. ಕ್ಯಾಲಿಪರ್‌ನ ಆಕಾರಕ್ಕೆ ರಟ್ಟು ಕತ್ತರಿಸಿ, 15 ಇಂಚಿನ ಅಲಾಯ್ ವೀಲ್‌ನೊಳಗಿಟ್ಟು, ಕಡ್ಡಿಗಳಿಗೂ ರಟ್ಟಿಗೂ ಕನಿಷ್ಠ 3 ಮಿ.ಮೀ. ಸಂದು ಉಳಿಯುತ್ತದೆಯೇ ಎಂದು ನೋಡಿಯೇ ವೀಲ್ ಕೊಂಡೆ. ಮೂಲ ಟಯರ್ 175/65 ಆರ್14. ಅದರ ಬದಲಿಗೆ 185/55 ಆರ್15 ಹಾಕಿದರೆ ಒಟ್ಟು ವ್ಯಾಸದಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸವಷ್ಟೇ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ಎತ್ತಿಹಿಡಿದಿದೆ. ನಾನು ಮೋಟಾರು ವಾಹನ ಇಲಾಖೆಯಲ್ಲಿ ವಿಚಾರಿಸಿ, ವಿಮೆಯವರಿಗೆ ಬರಹದಲ್ಲಿ ತಿಳಿಸಿದ ನಂತರವೇ ಕೈಹಾಕಿದೆ.

ಹೊಸ ಕ್ಯಾಲಿಪರನ್ನು, ಚಕ್ರವನ್ನು ಹಿಡಿದು ಸ್ಟಿಯರಿಂಗ್ ಜೊತೆ ತಿರುಗುವ ಹಳೆಯ ನಕಲ್‌ಗೆ ಸೇರಿಸುವ ಬ್ರಾಕೆಟನ್ನು ಮಂಗಳೂರಿನ ಲೇತ್ ಒಂದರಲ್ಲಿ 12 ಮಿ.ಮೀ. ದಪ್ಪದ ಇಎನ್8 ದರ್ಜೆಯ ಉಕ್ಕಿನಿಂದ ಮಾಡಿಸಿದೆ. ಇಡೀ ಬ್ರೇಕ್‌ನ ಬಲ ಈ ತುಂಡಿನ ಮೂಲಕವೇ ಹೋಗುವುದರಿಂದ ಇಲ್ಲಿ ವೆಲ್ಡಿಂಗ್ ಸಲ್ಲದು, ಬೋಲ್ಟುಗಳು ಹೆಚ್ಚು ಬಲ ತಾಳುವ 10.9 ದರ್ಜೆಯವಾಗಿರಬೇಕು, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಡಿಸ್ಕ್ ಕ್ಯಾಲಿಪರ್‌ನ ನಟ್ಟನಡುವೆ ಬರುವವರೆಗೆ ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆಗಳನ್ನು ಕೂಡಿಸಿ ಕಳೆದು ನೋಡಿದೆವು. ಡಿಸ್ಕ್ ಕೂರುವ ಹಬ್‌ನ ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದ ಮೇಲೆ ಡಯಲ್ ಗೇಜ್ ಹಿಡಿದರೆ ಡಿಸ್ಕಿನ ಓಲಾಟ 0.05 ಮಿ.ಮೀ. ಒಳಗಿತ್ತು. ಪೆಡಲ್ ನಡುಗುವುದಕ್ಕೆ ಡಿಸ್ಕ್ ಬಾಗಿದೆ ಎಂದು ದೂರುವವರಲ್ಲಿ ಅನೇಕರ ನಿಜವಾದ ಶತ್ರು ಈ ತುಕ್ಕೇ ಇರಬಹುದು. ಹೋಸ್‌ಗಳ ಉದ್ದವನ್ನು ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಚಕ್ರ ನೇತಾಡುವಂತೆ ಜಾಕ್ ಎತ್ತಿ ಪರೀಕ್ಷಿಸಿದೆ.

ಆಯಿಲ್‌ನಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆಯುವಾಗ ಗಮನಿಸಬೇಕಾದದ್ದು, ಅದನ್ನು ಹೊರಬಿಡಲು ಕ್ಯಾಲಿಪರ್‌ನಲ್ಲಿರುವ ಸಣ್ಣ ನಿಪ್ಪಲ್ ಮೇಲ್ಮುಖವಾಗಿದೆಯೇ ಎಂಬುದು. ಎಡ-ಬಲ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದರೆ ಗಾಳಿ ಮೇಲೆಯೇ ಉಳಿದು, ಎಷ್ಟು ಆಯಿಲ್ ಹರಿಸಿದರೂ ಪೆಡಲ್ ಗಟ್ಟಿಯಾಗುವುದಿಲ್ಲ. ಒಳಬದಿಗೊಂದು, ಹೊರಬದಿಗೊಂದು ನಿಪ್ಪಲ್ ಇರುವ ಕ್ಯಾಲಿಪರ್‌ನಲ್ಲಿ ಎರಡರಿಂದಲೂ ತೆಗೆಯಬೇಕು. ಕೆಲಸ ಮುಗಿದು ಮೊದಲ ಸಲ ತುಳಿದ ಮೆಕ್ಯಾನಿಕ್ "ಮಾಷ್ಟ್ರೇ, ಪೆಡಲ್ ಮುರಕಲ್ಲಿನ ಹಾಗಾಗಿದೆ" ಎಂದರು.

ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸಲು, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಮತ್ತೆ ಮತ್ತೆ ವೇಗ ಇಳಿಸಿದೆ, ಪೂರ್ತಿ ನಿಲ್ಲಿಸಲಿಲ್ಲ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಪದರ ಅಂಟಿಕೊಳ್ಳುತ್ತದೆ. ಅನಂತರ ಬ್ರೇಕ್ ಮುಟ್ಟದೆ ಕೆಲ ಕಿಲೋಮೀಟರ್ ಓಡಿಸಿ ಆರಿಸಿದೆ. ರೇಸಿನ ಪ್ಯಾಡ್‌ಗಳನ್ನು ನಾನು ತೆಗೆದುಕೊಳ್ಳಲಿಲ್ಲ, ಏಕೆಂದರೆ ಅವು ಬಿಸಿಯಾದ ಮೇಲಷ್ಟೇ ಹಿಡಿಯುತ್ತವೆ. ಮಳೆಯಲ್ಲಿ ತಣ್ಣಗಿರುವ ಡಿಸ್ಕಿನಲ್ಲಿ, ಶಾಲೆಯ ಮಕ್ಕಳು ದಾಟುವ ರಸ್ತೆಯಲ್ಲಿ ಅಂಥವು ಅಪಾಯ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ತೂತಿನ ಅಂಚಿನಿಂದ ಬಿರುಕು ಹೊರಡುವುದುಂಟು. ನನ್ನದು ಗೀರುಗಳಷ್ಟೇ ಇರುವ ಡಿಸ್ಕ್.

ಈಗ ತುಂಬು ಭಾರದಲ್ಲಿ ಮಡಿಕೇರಿಯಿಂದ ಇಳಿದು ಸಂಪಾಜೆ ತಲುಪಿದಾಗಲೂ ಪೆಡಲ್ ಘಟ್ಟದ ಮೇಲಿಂದ ಹೊರಟಾಗ ಇದ್ದ ಎತ್ತರದಲ್ಲೇ ಇರುತ್ತದೆ, ವಾಸನೆಯೂ ಇಲ್ಲ. ಎರಡನೆಯ ಗೇರಿನ ಅಭ್ಯಾಸವನ್ನು ಬಿಟ್ಟಿಲ್ಲ, ಬಿಡಬಾರದು ಕೂಡ. ಊರಿನ ರಸ್ತೆಯಲ್ಲಿ ಒಮ್ಮೆ ತುಳಿದು ನಿಲ್ಲಿಸುವ ದೂರದಲ್ಲಿ ಗಮನಿಸುವಂಥ ವ್ಯತ್ಯಾಸ ಕಂಡಿಲ್ಲ. ಸ್ವಲ್ಪ ಕಂಡಿದ್ದರೆ ಅದು ಹೊಸ ಟಯರಿನ ಉಪಕಾರ. ಖರ್ಚು, ವೀಲ್ ಮತ್ತು ಟಯರ್ ಸೇರಿ, ಕಾರನ್ನು ಇಂದು ಮಾರಿದರೆ ಸಿಗುವ ಬೆಲೆಯ ಅರ್ಧವನ್ನು ದಾಟಿತು. ಮನೆಯಲ್ಲಿ ಈ ಲೆಕ್ಕವನ್ನು ನಾನಾಗಿ ಎತ್ತುವುದಿಲ್ಲ.

ನಿರ್ವಹಣೆಯ ಹೊರೆಯೂ ಹೆಚ್ಚಿದೆ. ನಮ್ಮ ಕೆಂಪು ಮಣ್ಣಿನ ಕೆಸರು ಕ್ಯಾಲಿಪರ್‌ನ ಒಳಕ್ಕೆ ಸೇರಿ ಪಿಸ್ಟನ್‌ನ ಸೀಲನ್ನು ತಿನ್ನುತ್ತದೆ. ಧೂಳು ತಡೆಯುವ ರಬ್ಬರ್ ಬೂಟ್ ಇಲ್ಲದ ರೇಸಿನ ಕ್ಯಾಲಿಪರ್‌ಗಳು ಇಲ್ಲಿಗೆ ಹೇಳಿದ್ದಲ್ಲ, ಕೊಳ್ಳುವಾಗಲೇ ಅದನ್ನು ನೋಡಬೇಕು. ಅಲ್ಯುಮಿನಿಯಂ ಮೈಗೂ ಉಕ್ಕಿನ ಪಿನ್ನಿಗೂ ನಡುವೆ ಕಡಲ ಕಡೆಯ ಉಪ್ಪುಗಾಳಿಗೆ ತುಕ್ಕು ಬೇಗ ಏರುತ್ತದೆ. ಆದ್ದರಿಂದ ಪ್ರತಿ ಮಳೆಗಾಲ ಕಳೆದ ಮೇಲೆ ಪಿನ್ನುಗಳನ್ನು ಕಳಚಿ ಉಜ್ಜಿ, ಪ್ಯಾಡಿನ ದಪ್ಪ ಅಳೆದು, ಬ್ರಾಕೆಟಿನ ಬೋಲ್ಟುಗಳ ಟಾರ್ಕ್ ನೋಡಿ, ಆಯಿಲನ್ನು ಪೂರ್ತಿ ಬದಲಾಯಿಸುತ್ತೇನೆ. ಕಳಚಿದ ಮೂಲ ಕ್ಯಾಲಿಪರ್, ಡಿಸ್ಕ್ ಮತ್ತು ಹೋಸ್‌ಗಳಿಗೆ ಹೆಸರು ಬರೆದು ಇಟ್ಟುಕೊಂಡಿದ್ದೇನೆ. ಹೊಸ ಸೀಲ್‌ಗಳು ಸಿಗದೆ ಹೋದ ದಿನ ಕಾರು ಶೆಡ್ಡಿನಲ್ಲಿ ನಿಲ್ಲಬೇಕಾಗಿಲ್ಲ.